ದೋಹಾಕ್ಕೆ ಹೊರಟಿರುವ ಹಾಸನದ ಹುಡುಗನಿಗೆ

ಹಾಸನದಿಂದ ನೀನು ಕಳಿಸಿದ ಮೆಸೇಜನ್ನು ಮೂರು ಸಲ ಓದಿದೆ. ಕತಾರಿನ ದೋಹಾದಲ್ಲಿ ಕೆಲಸ ಸಿಕ್ಕಿದೆ, ಏನೇನು ತರಲಿ, ಸೌದಿ ಸಾಮಾನು ಕೊಂಡರೆ ಈಗಲೂ ತೊಂದರೆಯಾ, ತಮಿಳರ ಜೊತೆ ರೂಮ್ ಕೊಟ್ಟಿದ್ದಾರೆ, ಬೇಡ ಅನ್ನಲಾ ಅಂತ ಕೇಳಿದ್ದೀಯ.

ಚಟ್ನಿಪುಡಿ, ಹುರುಳಿಕಾಳು ತಾ. ಗಸಗಸೆ ಮಾತ್ರ ಒಂದು ಚಿಟಿಕೆಯೂ ಬೇಡ. ಅಮ್ಮ ಪಾಯಸಕ್ಕೆ ಅಂತ ಪೊಟ್ಟಣ ಕಟ್ಟಿದ್ದರೂ ತೆಗೆದಿಟ್ಟು ಬಾ, ಇಲ್ಲಿ ಅದಕ್ಕೆ ಮಾದಕ ವಸ್ತುವಿನ ಲೆಕ್ಕ. ಸಂಬಳದ ವಿಷಯದಲ್ಲಿ ಬಾಯಿಮಾತು ನಂಬಬೇಡ, ಕರಾರುಪತ್ರ ನೋಡು. 2021ರ ಮಾರ್ಚಿನಿಂದ ತಿಂಗಳಿಗೆ 1000 ರಿಯಾಲ್‌ಗಿಂತ ಕಡಿಮೆ ಮೂಲ ಸಂಬಳ ಕೊಡುವಂತಿಲ್ಲ. ಸೆಕೆ ಬಂದಮೇಲೇ ಗೊತ್ತಾಗುತ್ತೆ.

ಸೌದಿ ಸಾಮಾನಿಗೆ ಈಗ ಭಯವಿಲ್ಲ. ನೀನು ಕೇಳಿರೋದು 2017ರ ಜೂನ್ 5ರ ಕಥೆ. ರಂಜಾನ್ ಉಪವಾಸದ ನಡುವೆ ಸೌದಿ, ಯುಎಇ, ಬಹ್ರೇನ್, ಈಜಿಪ್ಟ್ ದೇಶಗಳು ಕತಾರ್ ಜೊತೆ ಸಂಬಂಧ ಕಡಿದುಕೊಂಡವು. ಈ ದೇಶಕ್ಕೆ ನೆಲದ ಗಡಿ ಇರೋದು ಸೌದಿ ಜೊತೆ ಮಾತ್ರ. ಹಾಲು, ಮೊಸರು ಬಹುಪಾಲು ಬರುತ್ತಿದ್ದುದು ಆ ರಸ್ತೆಯಲ್ಲೇ. ಜನ ಮುಗಿಬಿದ್ದು ಹಾಲಿನ ಕಪಾಟು ಖಾಲಿ ಮಾಡಿದರು. ಕೆಲವೇ ದಿನದಲ್ಲಿ ಟರ್ಕಿಯಿಂದ ಹಾಲು ಬಂತು. ಜುಲೈನಲ್ಲಿ ಹಸುಗಳನ್ನೇ ವಿಮಾನದಲ್ಲಿ ತಂದರು. ಮರುವರ್ಷ ಮೇ ತಿಂಗಳಲ್ಲಿ, ಆ ನಾಲ್ಕು ದೇಶಗಳ ಸಾಮಾನು ಮಾರಬೇಡಿ ಅಂತ ಸರ್ಕಾರವೇ ಅಂಗಡಿಗಳಿಗೆ ಹೇಳಿತು. ಗಡಿಯಾಚೆ ಹೆಣ್ಣು ಕೊಟ್ಟು ತಂದ ಮನೆಗಳು ಒಡೆದು ಕೂತವು. 2021ರ ಜನವರಿ 5ರಂದು ಸೌದಿಯ ಅಲ್ ಉಲಾದಲ್ಲಿ ರಾಜಿಯಾಯಿತು.

ರೂಮಿನ ಪ್ರಶ್ನೆಗೆ ಉತ್ತರ ಬರೆಯೋದೇ ನನಗೆ ಕಷ್ಟ.

2009ರಲ್ಲಿ ನಾನು ಬಂದಾಗ ಎರಡು ತಿಂಗಳು ಸಂಬಳವಾಗಲಿಲ್ಲ. ಹಿಂದಿನ ಬೀದಿಯ ಕಿರಾಣಿ ಅಂಗಡಿಯವರು ಕುಂಭಕೋಣದ ಕಡೆಯವರು. ಅಕ್ಕಿ, ಬೇಳೆ, ಎಣ್ಣೆ ಕೊಟ್ಟು ನೀಲಿ ರಟ್ಟಿನ ಪುಸ್ತಕದಲ್ಲಿ ಬರೆದುಕೊಂಡರು. "ಸಂಬಳಂ ವರಟ್ಟುಂ ತಂಬಿ" ಅನ್ನೋರು. ಆ ಎರಡು ತಿಂಗಳು ನಾನು ಉಂಡದ್ದು ಅವರ ಅನ್ನ.

2016ರ ಸೆಪ್ಟೆಂಬರ್. ತಮಿಳುನಾಡಿಗೆ ದಿನಕ್ಕೆ 15,000 ಕ್ಯೂಸೆಕ್ ಕಾವೇರಿ ನೀರು ಬಿಡಿ ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. ನಮ್ಮ ಗದ್ದೆಗೆ ನಾಲೆ ನೀರಿಲ್ಲ. ಅಪ್ಪ ಫೋನ್ ಹಿಡಿದು ಸುಮ್ಮನೇ ಇದ್ದುಬಿಟ್ಟರು. ನನಗೆ ಬಂದ ಸಿಟ್ಟು ತಪ್ಪು ಅಂತ ಇವತ್ತೂ ಅನ್ನಲಾರೆ. ಆದರೆ "ತಮಿಳರ ಅಂಗಡಿಗೆ ಕಾಲಿಡಬೇಡಿ" ಅಂತ ವಾಟ್ಸಾಪಿನಲ್ಲಿ ಬಂದದ್ದನ್ನು ನಾನೂ ನಾಲ್ಕು ಜನಕ್ಕೆ ಕಳಿಸಿದೆ. ಒಂಬತ್ತು ತಿಂಗಳು ಅವರ ಬಾಗಿಲ ಮುಂದೆಯೇ ಹಾದು, ದೂರದ ಅಂಗಡಿಯಿಂದ ಸಾಮಾನು ಹೊತ್ತು ತಂದೆ. ಅವರಿಗೂ ಊರಲ್ಲಿ ಗದ್ದೆಯಿತ್ತು, ಅದೂ ಕಾವೇರಿ ನೀರನ್ನೇ ಕಾಯುತ್ತಿತ್ತು. ಅದು ನನಗೆ ಗೊತ್ತಿತ್ತು.

2017ರ ಆ ಜೂನ್ 5ರ ರಾತ್ರಿ ಎರಡು ವರ್ಷದ ಮಗಳಿಗೆ ಎಲ್ಲೂ ಹಾಲು ಸಿಗದೆ ಅಲ್ಲಿಗೇ ಹೋದೆ. ಕೌಂಟರಿನ ಕೆಳಗಿಂದ ಹಾಲಿನಪುಡಿ ಡಬ್ಬ ತೆಗೆದಿಟ್ಟರು. ದರ ಹಳೆಯದೇ. "ಚಿಲ್ಲರೆ ಇದೆಯಾ ಸಾರ್?" ಅಂದರು. ಏಳು ವರ್ಷ ತಂಬಿಯಾಗಿದ್ದವನು ಸಾರ್ ಆಗಿದ್ದೆ. ನೀಲಿ ಪುಸ್ತಕ ಅಲ್ಲೇ ಇತ್ತು, ಅದಕ್ಕೆ ಕೈ ಹಾಕಲಿಲ್ಲ. ತಪ್ಪಾಯಿತು ಅನ್ನಲು ಬಾಯಿ ಬರಲಿಲ್ಲ. ಆಮೇಲೂ ಹೋಗುತ್ತಿದ್ದೆ, ಅವರೂ ಸಾಮಾನು ಕೊಡುತ್ತಿದ್ದರು, ಊರಿನ ಮಳೆ ಬಗ್ಗೆ ಮಾತ್ರ ಮತ್ತೆ ಕೇಳಲಿಲ್ಲ. 2019ರಲ್ಲಿ ಒಂದು ದಿನ ಬಾಗಿಲಿಗೆ ಬೀಗ. ಊರಿಗೆ ಹೋಗಿಬಿಟ್ಟರು ಅಂತ ಪಕ್ಕದವರು ಹೇಳಿದರು. ನಂಬರ್ ಕೂಡ ನನ್ನ ಹತ್ತಿರ ಇಲ್ಲ.

ಆ ರೂಮ್ ಒಪ್ಪಿಕೋ. ಮೊಬೈಲಿಗೆ ಬಂದ ಇಂಥದ್ದನ್ನು ಯಾರಿಗೂ ಕಳಿಸಬೇಡ. ಹೊರಡುವ ಮುಂಚೆ ಗೊರೂರು ಕಡೆ ಹೋದರೆ, ಅಣೆಕಟ್ಟಿನಲ್ಲಿ ನೀರು ಎಲ್ಲಿವರೆಗೆ ಬಂದಿದೆ ನೋಡಿ ನನಗೊಂದು ಫೋಟೋ ಕಳಿಸು.