ಕೆಲಸ ಹಂಚಿದ್ದಳು, ತೀರ್ಮಾನ ಹಂಚಿರಲಿಲ್ಲ

(ವಿದ್ಯಾರ್ಥಿನಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಬರೆದಿದ್ದೇನೆ.)

ಹಾಸನದ ಪದವಿ ಕಾಲೇಜೊಂದರಲ್ಲಿ ಎರಡನೇ ವರ್ಷದ ಬಿ.ಕಾಂ. ಓದುತ್ತಿರುವ ಹುಡುಗಿ. ಊರು ಸಕಲೇಶಪುರದ ಕಡೆ, ತಂದೆಗೆ ಸಣ್ಣ ಕಾಫಿ ತೋಟ. ದಿನವೂ ಬಸ್ಸಿನಲ್ಲೇ ಓಡಾಟ. ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆ ಘಟಕದ ವಿದ್ಯಾರ್ಥಿ ನಾಯಕಿ. ಒಂದು ಆಂತರಿಕ ಪರೀಕ್ಷೆಗೆ ಗೈರಾಗಿದ್ದಳು, ಎರಡು ವಿಷಯಗಳಲ್ಲಿ ಹಾಜರಿ ಶೇ. 75ಕ್ಕಿಂತ ಕೆಳಗಿಳಿದಿತ್ತು. ಅಧ್ಯಾಪಕರೊಬ್ಬರು ನನ್ನ ಬಳಿಗೆ ಕಳುಹಿಸಿದ್ದರು. ಬಂದು ಕುಳಿತವಳೇ, "ಮೇಡಂ, ನನಗೊಂದು ವೇಳಾಪಟ್ಟಿ ಹಾಕಿಕೊಡಿ, ಅದರಂತೆಯೇ ನಡೆಯುತ್ತೇನೆ" ಎಂದಳು.

ವೇಳಾಪಟ್ಟಿ ಅವಳ ಬಳಿ ಆಗಲೇ ಇತ್ತು. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಸ್ಕೇಲಿನಿಂದ ಗೆರೆ ಎಳೆದು, ಬೆಳಗಿನ ಐದು ಗಂಟೆಯ ಓದಿನಿಂದ ರಾತ್ರಿಯವರೆಗೆ ಎಲ್ಲವನ್ನೂ ದುಂಡಾಗಿ ಬರೆದಿಟ್ಟಿದ್ದಳು. ಒಂದು ದಿನವೂ ಅದರಂತೆ ನಡೆದಿರಲಿಲ್ಲ. ಇನ್ನೊಂದು ಪಟ್ಟಿಯಿಂದ ಏನೂ ಆಗುವಂತಿರಲಿಲ್ಲ. ಮೊಬೈಲಿನಲ್ಲಿ ಹಿಂದಿನ ದಿನದ ಕರೆಗಳನ್ನು ತೆರೆದು, ಯಾರು ಏಕೆ ಮಾಡಿದ್ದರೆಂದು ಒಂದೊಂದಾಗಿ ಹೇಳುವಂತೆ ಕೇಳಿದೆ.

ಮಧ್ಯಾಹ್ನ 2.10ಕ್ಕೆ ಬ್ಯಾನರ್ ಅಂಗಡಿಗೆ ಹೋಗಿದ್ದ ಹುಡುಗ: "ಅಕ್ಕಾ, ಹಿನ್ನೆಲೆ ನೀಲಿಯೋ ಬಿಳಿಯೋ?" ಐದು ನಿಮಿಷ ಕಳೆದು ಮತ್ತೆ ಅವನೇ, ಪ್ರಾಂಶುಪಾಲರ ಹೆಸರು ಮೇಲೆ ಬರಬೇಕೋ ಕೆಳಗೋ ಎಂದು. ನಡುವೆ ಶಾಮಿಯಾನದವರು. ಆಮೇಲೆ ಶಿಬಿರದ ಊಟದ ಹೊಣೆ ಹೊತ್ತವಳು: ಸ್ಟೀಲ್ ತಟ್ಟೆ ಬಾಡಿಗೆಗೆ ತರುವುದೋ, ಅಡಿಕೆ ಹಾಳೆಯ ತಟ್ಟೆ ಕೊಳ್ಳುವುದೋ? ಮೂರು ಗಂಟೆಯ ತರಗತಿ ಕಾರಿಡಾರಿನಲ್ಲೇ ಕಳೆದುಹೋಗಿತ್ತು. ಹಾಜರಿ ಕಡಿಮೆ ಬಿದ್ದ ವಿಷಯಗಳಲ್ಲಿ ಅದೂ ಒಂದು.

ಎಲ್ಲವನ್ನೂ ಒಬ್ಬಳೇ ಮಾಡುತ್ತಾಳೆ ಎಂದು ಅವಳನ್ನು ದೂರುವಂತಿರಲಿಲ್ಲ. ಪ್ರತಿ ಕೆಲಸಕ್ಕೂ ಒಬ್ಬರ ಹೆಸರಿತ್ತು. ಆದರೆ ಓಡಾಟವನ್ನಷ್ಟೇ ಅವರಿಗೆ ಬಿಟ್ಟು, ತೀರ್ಮಾನಗಳನ್ನೆಲ್ಲ ತಾನೇ ಇಟ್ಟುಕೊಂಡಿದ್ದಳು. ಹೀಗೇಕೆ ಎಂದು ಕೇಳಿದೆ. ತುಸು ಹೊತ್ತು ಸುಮ್ಮನಿದ್ದು, "ಏನಾದರೂ ತಪ್ಪಾದರೆ ಸರ್ ಬೈಯುವುದು ನನ್ನನ್ನು ಮೇಡಂ, ಅವರನ್ನಲ್ಲ" ಎಂದಳು. ಕಣ್ಣಲ್ಲಿ ನೀರಿತ್ತು. ಆ ಭಯ ನಿಜವಾದದ್ದು. ಅದನ್ನು ಬದಿಗಿಟ್ಟು ಸಮಯಪಾಲನೆಯ ಪಾಠ ಹೇಳಿದ್ದರೆ ಅವಳು ತಲೆಯಾಡಿಸಿ ಎದ್ದು ಹೋಗುತ್ತಿದ್ದಳು, ಅಷ್ಟೇ.

ಮೊದಲು ಅವಳ ಗಂಟೆಗಳನ್ನು ಕೂಡಿದೆವು. ಗಾಂಧೀಜಿ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಆರಂಭವಾದ ಈ ಯೋಜನೆ ಒಬ್ಬ ಸ್ವಯಂಸೇವಕರಿಂದ ಕೇಳುವುದು ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240. ಅದರ ಜೊತೆಗೆ ಏಳು ದಿನದ ವಿಶೇಷ ಶಿಬಿರ. ಘಟಕದ ಉಳಿದವರ ಗಂಟೆಗಳನ್ನು ದಾಖಲಿಸುತ್ತಿದ್ದವಳು ಅವಳೇ, ತನ್ನದನ್ನು ಎಂದೂ ಕೂಡಿರಲಿಲ್ಲ. ಮೂರು ತಿಂಗಳಿಗೇ 120 ದಾಟಿತ್ತು. ಅಷ್ಟು ಕೆಲಸವನ್ನು ಅವಳಿಂದ ಯಾವ ನಿಯಮವೂ ಕೇಳಿರಲಿಲ್ಲ.

ನಾನು ಕೊಟ್ಟ ಮುಖ್ಯ ಸಲಹೆ ಇದು: ಕೆಲಸ ಒಪ್ಪಿಸುವಾಗ ತೀರ್ಮಾನವನ್ನೂ ಒಪ್ಪಿಸು, ಆದರೆ ಮಿತಿ ಹಾಕಿ ಒಪ್ಪಿಸು. ಬ್ಯಾನರಿನ ಹುಡುಗನಿಗೆ ಖರ್ಚು ಎಷ್ಟು ರೂಪಾಯಿ ದಾಟಬಾರದು, ಯಾವ ದಿನಕ್ಕೆ ಕೈಗೆ ಬರಬೇಕು, ಯಾರ ಹೆಸರು ಬಿಡಬಾರದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಡುವುದು. ಉಳಿದದ್ದು ಅವನಿಗೆ ಸರಿ ಕಂಡಂತೆ. ಕರೆ ಮಾಡುವುದಿದ್ದರೆ ಸಂಜೆ ಅವಳು ಬಸ್ಸಿನಲ್ಲಿರುವಾಗ. ಹೀಗೆ ಹಂಚಿರುವ ವಿಷಯವನ್ನು ಮುಂಚೆಯೇ ಕಾರ್ಯಕ್ರಮ ಅಧಿಕಾರಿಗೆ, ಅಂದರೆ ಘಟಕದ ಹೊಣೆ ಹೊತ್ತ ಆ ಸರ್‌ಗೆ, ತಿಳಿಸಬೇಕು ಎಂದೂ ಹೇಳಿದೆ. ಬೈಗುಳದ ಭಯಕ್ಕೆ ಔಷಧ ಅದೇ. ಅವರು ಕೇಳಿ ಸಂತೋಷಪಟ್ಟರಂತೆ.

ಎರಡನೆಯದು ಅಂದಾಜಿನ ಮಾತು. ವರದಿ ಬರೆಯಲು ಒಂದು ಸಂಜೆ ಸಾಕೆಂದು ಹೇಳುತ್ತಿದ್ದಳು, ನಾಲ್ಕು ಸಂಜೆ ಹಿಡಿಯುತ್ತಿತ್ತು. ಇದು ಅವಳೊಬ್ಬಳ ದೌರ್ಬಲ್ಯವಲ್ಲ. ಕಾನೆಮನ್ ಮತ್ತು ಟ್ವೆರ್ಸ್ಕಿ ಎಂಬ ಮನೋವಿಜ್ಞಾನಿಗಳು 1979ರಲ್ಲೇ ಇದನ್ನು ಗುರುತಿಸಿದ್ದರು. 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತಮ್ಮ ಪ್ರಬಂಧ ಸರಾಸರಿ 33.9 ದಿನಗಳಲ್ಲಿ ಮುಗಿಯುತ್ತದೆ ಎಂದಿದ್ದ ವಿದ್ಯಾರ್ಥಿಗಳು ನಿಜಕ್ಕೂ ತೆಗೆದುಕೊಂಡದ್ದು 55.5 ದಿನ. ಆದ್ದರಿಂದ ಎಷ್ಟು ಹೊತ್ತಾಗಬಹುದು ಎಂದು ಮನಸ್ಸನ್ನು ಕೇಳಬೇಡ, ಕಳೆದ ಸಲ ಎಷ್ಟಾಯಿತೆಂದು ನೋಡಿ ಅಷ್ಟನ್ನೇ ಇಟ್ಟುಕೋ ಎಂದೆ. ಕಳೆದ ವರ್ಷದ ಶಿಬಿರದ ಕಡತ ತೆಗೆಸಿದಳು. ಮೂರು ದಿನದ ಕೆಲಸವೆಂದುಕೊಂಡಿದ್ದ ಅನುಮತಿ ಪತ್ರಗಳ ತಾರೀಕುಗಳಲ್ಲೇ ಎರಡು ವಾರದ ಅಂತರವಿತ್ತು.

ಮನೆಯ ವಿಷಯ ಕೊನೆಗೆ ಬಂತು. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ, ಆಳು ಸಿಗುವುದು ಕಷ್ಟ. "ಹಣ್ಣು ಗಿಡದಲ್ಲೇ ಒಣಗುತ್ತಿದೆ, ಇವಳು ಊರವರ ಚರಂಡಿ ತೆಗೆಯಲು ಹೊರಟಿದ್ದಾಳೆ" ಎಂದು ಅಪ್ಪನಿಗೆ ಕೋಪ. ಪ್ರತಿ ಭಾನುವಾರವೂ ತೋಟಕ್ಕೆ ಬರುತ್ತೇನೆಂದು ಹೇಳಿ ಹೋಗದೆ ಉಳಿಯುತ್ತಿದ್ದುದೇ ಅವರನ್ನು ಹೆಚ್ಚು ನೋಯಿಸಿತ್ತೆಂದು ನನ್ನ ಎಣಿಕೆ. ಎಲ್ಲ ಭಾನುವಾರಗಳ ಮಾತು ಕೊಡಬೇಡ, ತಿಂಗಳಿಗೆ ಎರಡನ್ನು ಮುಂಚೆಯೇ ಹೇಳು, ಆ ಎರಡಕ್ಕೆ ಏನೇ ಆದರೂ ಹೋಗು ಎಂದೆ. ಅಪ್ಪನನ್ನು ಕರೆಸಲಿಲ್ಲ. ಈ ಮಾತು ಮಗಳ ಬಾಯಿಂದಲೇ ಬರಬೇಕಿತ್ತು.

ಶಿಬಿರ ನಡೆಯಿತು. ಎರಡನೆಯ ದಿನ ಬೆಳಗ್ಗೆ ಉಪ್ಪಿಟ್ಟು ಕಡಿಮೆ ಬಿತ್ತು. ಅವಳು ಅಡುಗೆಮನೆಗೆ ಹೋಗಲಿಲ್ಲ. ಊಟದ ಹೊಣೆ ಹೊತ್ತವಳೇ ಊರಿನ ಅಂಗಡಿಯಿಂದ ಅವಲಕ್ಕಿ ತರಿಸಿ ಒಗ್ಗರಣೆ ಹಾಕಿಸಿದಳು. ಒಂದು ವಿಷಯದ ಹಾಜರಿ ಸರಿಹೋಗಿದೆ. ಇನ್ನೊಂದು ಇನ್ನೂ ಅಂಚಿನಲ್ಲಿದೆ, ಇನ್ನು ಒಂದು ತರಗತಿಯನ್ನೂ ತಪ್ಪಿಸುವಂತಿಲ್ಲ.

ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ಕೋರಿಕೆ. ಅಚ್ಚುಕಟ್ಟಾಗಿ ಕೆಲಸ ಮಾಡುವ ವಿದ್ಯಾರ್ಥಿ ಸಿಕ್ಕರೆ ಸ್ವಾಗತ ಭಾಷಣಕ್ಕೂ ರಕ್ತದಾನ ಶಿಬಿರಕ್ಕೂ ಅವರನ್ನೇ ಕರೆಯುತ್ತೇವೆ. ಕರೆಯುವ ಮುನ್ನ ಆ ಹೊತ್ತಿನಲ್ಲಿ ಅವರಿಗೆ ತರಗತಿ ಇದೆಯೇ ಎಂದು ಕೇಳಿ. ಇದ್ದರೆ, ಆ ಕೆಲಸಕ್ಕೆ ಇದುವರೆಗೆ ಯಾರೂ ಕರೆಯದ ಮತ್ತೊಬ್ಬರನ್ನು ಕರೆಯಿರಿ.