ಬರಿಗಾಲಿನ ಕಥೆ ಸಾಕು, ಮಗನಿಗೆ ಬೂಟ್ ಕೊಡಿಸಿ

ಬೇಸಿಗೆಯ ಸೆವೆನ್ಸ್ (ತಂಡಕ್ಕೆ ಏಳು ಜನರ ಫುಟ್‌ಬಾಲ್) ಟೂರ್ನಿಗಳು ಶುರುವಾದರೆ ಸಾಕು, ಫುಟ್‌ಬಾಲ್ ಚರಿತ್ರೆಯ ಬಗ್ಗೆ ಅದೇ ಹಳೇ ಪ್ರಶ್ನೆಗಳು ಬರುತ್ತವೆ. ಅರ್ಧ ಮೈಕ್ ಹಿಡಿದ ಕಾಮೆಂಟರಿಯವರು ಹಬ್ಬಿಸಿದ್ದು, ಇನ್ನರ್ಧ ವಾಟ್ಸ್‌ಆ್ಯಪ್‌ನದ್ದು. ಈ ಸಲ ಒಂದಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ. ದಯವಿಟ್ಟು ಮತ್ತೆ ಕೇಳಬೇಡಿ.

ಪ್ರಶ್ನೆ: ಫುಟ್‌ಬಾಲ್ ಹುಟ್ಟಿದ್ದು ಚೀನಾದಲ್ಲೋ, ಇಂಗ್ಲೆಂಡಿನಲ್ಲೋ? (ಮಡಿಕೇರಿಯ ಓದುಗರು)

ಉತ್ತರ: ಚೀನಾದವರು ಎರಡು ಸಾವಿರ ವರ್ಷದ ಹಿಂದೆಯೇ ಚೆಂಡು ಒದೆಯುತ್ತಿದ್ದರು. ನೀವು ಟಿವಿಯಲ್ಲಿ ನೋಡುವ ಆಟಕ್ಕೆ ನಿಯಮ ಬರೆದದ್ದು 1863ರಲ್ಲಿ, ಲಂಡನ್ನಿನಲ್ಲಿ. ಮುಂದಿನದು.

ಪ್ರಶ್ನೆ: ಸರ್, ನನ್ನ ಮಗನಿಗೆ ಹದಿಮೂರು ವರ್ಷ. ಬೂಟ್ ಬೇಡ, ಬರಿಗಾಲಲ್ಲಿ ಆಡಿದರೇ ಬಾಲ್ ಕಂಟ್ರೋಲ್ ಬರೋದು ಅಂತ ಅವನ ಬೇಸಿಗೆ ಕ್ಯಾಂಪಿನಲ್ಲಿ ಹೇಳಿಕೊಡುತ್ತಿದ್ದಾರೆ. 1950ರ ವಿಶ್ವಕಪ್‌ನಲ್ಲಿ ನಮ್ಮವರು ಬರಿಗಾಲಲ್ಲಿ ಆಡುತ್ತೇವೆ ಅಂದಿದ್ದಕ್ಕೆ ಫಿಫಾ ಸೇರಿಸಲಿಲ್ಲವಂತೆ. ಹೌದಾ? (ಸುಂಟಿಕೊಪ್ಪದ ಓದುಗರು)

ಉತ್ತರ: ಅಲ್ಲ. ಈ ಕಥೆ ಕೇಳಿ ಕೇಳಿ ಸಾಕಾಗಿದೆ.

ನಮ್ಮನ್ನು ಯಾರೂ ಹೊರಗಿಡಲಿಲ್ಲ. ಅರ್ಹತಾ ಸುತ್ತಿನಲ್ಲಿ ನಮ್ಮ ಗುಂಪಿನಲ್ಲಿದ್ದ ಬೇರೆ ತಂಡಗಳು ಹಿಂದೆ ಸರಿದವು. ಒಂದೂ ಪಂದ್ಯ ಆಡದೆ ಭಾರತಕ್ಕೆ ಜಾಗ ಸಿಕ್ಕಿತು. ವಿಶ್ವಕಪ್‌ನಲ್ಲಿ ಸ್ವೀಡನ್, ಇಟಲಿ, ಪರಾಗ್ವೆ ಇದ್ದ ಗುಂಪಿಗೆ ನಮ್ಮ ಹೆಸರೂ ಸೇರಿತು. ಪ್ರಯಾಣದ ಖರ್ಚಿನಲ್ಲಿ ದೊಡ್ಡ ಪಾಲು ಕೊಡಲು ಟೂರ್ನಿ ನಡೆಸುತ್ತಿದ್ದ ಬ್ರೆಜಿಲ್‌ನವರು ತಯಾರಿದ್ದರು. ಹೋಗದೇ ಇದ್ದದ್ದು ನಮ್ಮ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್. ದೂರದ ಪ್ರಯಾಣ, ತಯಾರಿಗೆ ದಿನ ಸಾಲದು, ಆಯ್ಕೆಯ ತಕರಾರು ಅಂತ ಕಾರಣಗಳ ಪಟ್ಟಿಯೇ ಇತ್ತು. ನಿಜ ಹೇಳಬೇಕೆಂದರೆ, ಆಗ ನಮ್ಮವರ ಕಣ್ಣಿಗೆ ಒಲಿಂಪಿಕ್ಸ್ ಒಂದೇ ದೊಡ್ಡದು. ವಿಶ್ವಕಪ್ ಅಂದರೆ ಏನು ಅನ್ನುವುದೇ ತಲೆಗೆ ಹೋಗಿರಲಿಲ್ಲ. ಆ ತಂಡದ ನಾಯಕರಾಗಬೇಕಿದ್ದ ಸೈಲೆನ್ ಮನ್ನಾ ಅವರೇ ಮುಂದೆ ಇದನ್ನು ಒಪ್ಪಿಕೊಂಡಿದ್ದಾರೆ. ಬೂಟಿನ ಕಥೆ ಕಟ್ಟಿದ್ದರಿಂದ ಲಾಭ ಆದದ್ದು ಆ ಫೆಡರೇಶನ್‌ಗೆ. ತಪ್ಪು ಅವರದು, ಬೈಗುಳ ಫಿಫಾಕ್ಕೆ!

ಸ್ವಲ್ಪ ಹಿಂದೆ ಮುಂದೆ ನೋಡಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ಹೆಚ್ಚಿನವರು ಫ್ರಾನ್ಸ್ ಎದುರು ಬರಿಗಾಲಲ್ಲೇ ಆಡಿದರು. ಎರಡು ಪೆನಾಲ್ಟಿ ಹಾಳುಮಾಡಿಕೊಂಡು 1–2ರಿಂದ ಸೋತರು. ನಮ್ಮ ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದ್ದು. ಕಾಮೆಂಟರಿಯವರಿಗೆ ಇದು ಯಾಕೋ ನೆನಪಾಗುವುದೇ ಇಲ್ಲ. 1952ರಲ್ಲಿ ಹೆಲ್ಸಿಂಕಿಯಲ್ಲೂ ಹಲವರು ಬರಿಗಾಲಲ್ಲೇ ಇಳಿದರು. ಆಗಲೂ ಯಾರೂ ತಡೆಯಲಿಲ್ಲ. ಆ ಚಳಿಯಲ್ಲಿ ಯುಗೊಸ್ಲಾವಿಯಾ ನಮಗೆ ಹತ್ತು ಗೋಲು ಹೊಡೆಯಿತು. ನಮ್ಮದು ಒಂದು. ಅದಾದ ಮೇಲೆ ಫೆಡರೇಶನ್ ಬೂಟ್ ಕಡ್ಡಾಯ ಮಾಡಿತು.

ಆಮೇಲೆ ಏನಾಯಿತು? 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿದರು. ನೆವಿಲ್ ಡಿಸೋಜಾ ಹ್ಯಾಟ್ರಿಕ್ ಹೊಡೆದರು, ತಂಡ ನಾಲ್ಕನೇ ಸ್ಥಾನಕ್ಕೆ ಬಂತು. 1962ರಲ್ಲಿ ಜಕಾರ್ತದಲ್ಲಿ ದಕ್ಷಿಣ ಕೊರಿಯಾವನ್ನು 2–1ರಿಂದ ಸೋಲಿಸಿ ಏಷ್ಯನ್ ಗೇಮ್ಸ್ ಚಿನ್ನ ತಂದರು. ಎರಡೂ ಸಲ ಕೋಚ್ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ಎರಡೂ ಸಲ ಕಾಲಲ್ಲಿ ಬೂಟ್ ಇತ್ತು.

1911ರಲ್ಲಿ ಕೋಲ್ಕತ್ತಾದ ಮೋಹನ್ ಬಗಾನ್ ಕ್ಲಬ್ ಬರಿಗಾಲಲ್ಲೇ ಗೆದ್ದಿತಲ್ಲ ಅಂತ ಪತ್ರ ಬರೆಯಲು ಕೂತವರು ಪೆನ್ನು ಕೆಳಗಿಡಿ. ಬ್ರಿಟಿಷ್ ಸೇನೆಯ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2–1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಟೂರ್ನಿ ಗೆದ್ದ ಆ ಹನ್ನೊಂದು ಜನರಲ್ಲಿ ಬೂಟ್ ಹಾಕಿದ್ದು ಒಬ್ಬರೇ ಅನ್ನುವುದು ನನಗೂ ಗೊತ್ತು. ಅವರು ಗೆದ್ದದ್ದು ಆಟ ಗೊತ್ತಿದ್ದರಿಂದ, ಬೂಟ್ ಇಲ್ಲದ್ದರಿಂದ ಅಲ್ಲ.

ಇನ್ನು ಆ ಕ್ಯಾಂಪಿನ ವಿಷಯ. ಫೀಸು ತಗೊಂಡು ಮಕ್ಕಳನ್ನು ಬರಿಗಾಲಲ್ಲಿ ಓಡಿಸುವವರಿಗೆ ಚರಿತ್ರೆಯೂ ಗೊತ್ತಿಲ್ಲ, ಕಾಲಿನ ಮೂಳೆಯೂ ಗೊತ್ತಿಲ್ಲ. ನಮ್ಮ ಮೈದಾನಗಳು ಹೇಗಿವೆ ಅಂತ ನಿಮಗೇ ಗೊತ್ತಲ್ವಾ? ಒಂದು ಬದಿ ಹುಲ್ಲು, ಇನ್ನೊಂದು ಬದಿ ಜಲ್ಲಿ, ನಡುವೆ ಹೋದ ವಾರದ ಪೆಂಡಾಲಿನ ಮೊಳೆ. ಎದುರಿನವನು ಬೂಟ್ ಹಾಕಿ ಪಾದದ ಮೇಲೆ ತುಳಿದರೆ ಬೆರಳು ಮುರಿಯುತ್ತದೆ. ಮುರಿದ ಬೆರಳನ್ನು ಉಳುಕು ಅಂತ ಎಣ್ಣೆ ಹಚ್ಚಿ ಎಳೆಯುವವರು ಪ್ರತಿ ಊರಲ್ಲೂ ಇದ್ದಾರೆ. ಅವರ ಹತ್ತಿರ ಹೋಗಬೇಡಿ, ಎಕ್ಸ್‌ರೇ ತೆಗೆಸಿ.

ನಾನು ಈ ವಿಷಯದಲ್ಲಿ ಸ್ವಲ್ಪ ಜಾಸ್ತಿ ಹೆದರುವವನು ಅಂತಲೇ ಇಟ್ಟುಕೊಳ್ಳಿ. ನಮ್ಮ ಗಟ್ಟಿ ನೆಲಕ್ಕೆ ಅಡಿಯಲ್ಲಿ ಚಿಕ್ಕ ರಬ್ಬರ್ ಸ್ಟಡ್ (ಗುಬಟು) ಇರುವ ಬೂಟ್ ಸಾಕು. ಬೆಳೆಯುವ ಹುಡುಗ ಅಂತ ಎರಡು ಸೈಜ್ ದೊಡ್ಡದು ಕೊಡಿಸಬೇಡಿ. ಒಳಗೆ ಕಾಲು ಜಾರಿ ಹಿಮ್ಮಡಿ ಸುಲಿಯುತ್ತದೆ, ಪಾದವೂ ತಿರುಚುತ್ತದೆ.

ಪ್ರಶ್ನೆ: ಹಾಗಾದರೆ ಕೆಸರುಗದ್ದೆ ಫುಟ್‌ಬಾಲಿಗೂ ಬೂಟ್ ಬೇಕಾ? (ನಾಪೋಕ್ಲಿನ ಓದುಗರು)

ಉತ್ತರ: ಬೇಡ. ಮೊಣಕಾಲುದ್ದದ ಕೆಸರಲ್ಲಿ ಹಾಕಿದ ಬೂಟ್ ವಾಪಸ್ ಸಿಗುವುದಿಲ್ಲ.

ಪ್ರಶ್ನೆ: ಹಾಕಿಯ ಕೊಡಗಿನಲ್ಲಿ ಫುಟ್‌ಬಾಲಿಗೆ ಇಷ್ಟು ಜಾಗ ಯಾಕೆ? (ವಿರಾಜಪೇಟೆಯ ಓದುಗರು)

ಉತ್ತರ: ಹುಡುಗರು ಆಡಲಿ ಬಿಡಿ.

ಪ್ರಶ್ನೆ: ನಮ್ಮ ಸೆವೆನ್ಸ್‌ನಲ್ಲಿ ಆಫ್‌ಸೈಡ್ ಇಲ್ಲ. ಆಫ್‌ಸೈಡ್ ಅನ್ನುವುದು ಈಚೆಗೆ ಟಿವಿಯವರು ತಂದ ನಿಯಮವಾ? (ಸಿದ್ದಾಪುರದ ಓದುಗರು)

ಉತ್ತರ: ಟಿವಿ ಹುಟ್ಟುವ ಮೊದಲೇ ಇತ್ತು, ಇನ್ನೂ ಬಿಗಿಯಾಗಿತ್ತು. 1863ರ ನಿಯಮದಲ್ಲಿ ಚೆಂಡಿಗಿಂತ ಮುಂದೆ ನಿಂತವರೆಲ್ಲ ಆಫ್‌ಸೈಡ್. 1866ರಲ್ಲಿ ಆಟಗಾರನಿಗೂ ಗೋಲಿಗೂ ನಡುವೆ ಎದುರು ತಂಡದ ಮೂವರಿದ್ದರೆ ಸರಿ ಅಂತಾಯಿತು, 1925ರಲ್ಲಿ ಇಬ್ಬರು ಸಾಕು ಅಂತಾಯಿತು. ಟಿವಿಯವರು ತಂದದ್ದು ಆಫ್‌ಸೈಡ್ ತೋರಿಸಲು ಪರದೆಯ ಮೇಲೆ ಆ ಗೆರೆ ಎಳೆಯುವ ಕಾಟ ಮಾತ್ರ.