ಪ್ರತಿಕ್ರಿಯೆ: ‘ತೇಉಮ್’ ದೇಹ ಅಂದರು, ಶುಗರ್ 108, ಏನು ಮಾಡಲಿ?

ಕೊರಿಯಾದ ಸೋಲ್‌ನಲ್ಲಿ ನಾಟಿ ವೈದ್ಯರು ನಿಮ್ಮದು ‘ತೇಉಮ್’ ದೇಹ ಅಂದರು, ಖಾಲಿ ಹೊಟ್ಟೆಯ ಶುಗರ್ 108 ಬಂದಿದೆ, ಏನು ಮಾಡಲಿ ಎಂದು ಕೇಳಿದ್ದೀರಿ. ತೇಉಮ್ ಅಂದರೆ ಕೊರಿಯಾದ ಸಾಂಪ್ರದಾಯಿಕ ವೈದ್ಯದಲ್ಲಿ ಹೇಳುವ ನಾಲ್ಕು ದೇಹ ಪ್ರಕೃತಿಗಳಲ್ಲಿ ಒಂದು. ಶುಗರ್ 108ಕ್ಕೆ ಬಂದಿರುವುದು ಬಹುಶಃ ನಿಮ್ಮ ತೇಉಮ್ ಪ್ರಕೃತಿಯಿಂದಲ್ಲ, ಸೋಲ್‌ಗೆ ಬಂದ ಮೇಲೆ ಏರಿದ 9 ಕಿಲೋದಿಂದ. ಹಾಗಂತ ಅಲ್ಲಿನ ನಾಟಿ ವೈದ್ಯರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಕೊರಿಯಾದ ವೈದ್ಯ ಲೀ ಜೆ-ಮಾ 1894ರಲ್ಲಿ ಬರೆದಿಟ್ಟ ನಾಲ್ಕು ಪ್ರಕೃತಿಗಳಲ್ಲಿ ತೇಉಮ್‌ನವರಿಗೇ ಬೊಜ್ಜು, ಬಿಪಿ, ಶುಗರ್ ಜಾಸ್ತಿ ಎಂದು ಕೊರಿಯಾದ ಅಧ್ಯಯನಗಳಲ್ಲೂ ಕಂಡಿದೆ. ಆದರೆ ದಪ್ಪ ಮೈ ನೋಡಿಯೇ ತೇಉಮ್ ಅನ್ನುವುದು ಹೆಚ್ಚು, ಅಲ್ವಾ? ಪ್ರಕೃತಿಯ ಪಾಲೆಷ್ಟು, ತೂಕದ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಮೊದಲು ಟೇಪ್ ತಗೊಂಡು ಸೊಂಟ ಅಳೆಯಿರಿ. ಕೊರಿಯಾದಲ್ಲಿ ಗಂಡಸರಿಗೆ ಮಿತಿ 90 ಸೆಂ.ಮೀ. ಆಮೇಲೆ ಚೆಕಪ್ ಹಾಳೆ ತೆಗೆದು ನೋಡಿ: ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) 150 ಮುಟ್ಟಿದೆಯಾ, ಬಿಪಿ 130/85 ಇದೆಯಾ, ಎಚ್‌ಡಿಎಲ್ (ಒಳ್ಳೆ ಕೊಲೆಸ್ಟರಾಲ್) 40ಕ್ಕಿಂತ ಕಡಿಮೆಯಾ? ಶುಗರ್ 100 ದಾಟಿರುವುದರಿಂದ ಒಂದು ಅಂಕ ಆಗಲೇ ಬಿತ್ತು. ಐದರಲ್ಲಿ ಮೂರಾದರೆ ಮೆಟಬಾಲಿಕ್ ಸಿಂಡ್ರೋಮ್, ಅಂದರೆ ಸಕ್ಕರೆ ಕಾಯಿಲೆ, ಹೃದ್ರೋಗಕ್ಕೆ ದಾರಿಯಾಗುವ ಲಕ್ಷಣಗಳ ಗುಂಪು.

ಇನ್ನು ಆ ಮಿಕ್ಸ್ ಕಾಫಿ. ಉದ್ದನೆ ಪೊಟ್ಟಣ ಹರಿದು, ಆ ಪೊಟ್ಟಣದಿಂದಲೇ ಕಲಕಿ ಕುಡಿಯುತ್ತೀರಲ್ಲ, ಅದರಲ್ಲಿ ಕಾಫಿಪುಡಿಗಿಂತ ಸಕ್ಕರೆ, ಕ್ರೀಮರ್‌ಗಳೇ ಜಾಸ್ತಿ. ದಿನಕ್ಕೆ ನಾಲ್ಕು ಎಂದಿದ್ದೀರಿ! ನಾಳೆಯಿಂದಲೇ ಬ್ಲ್ಯಾಕ್ ಕಾಫಿ. ಆಫೀಸಿನ ಹ್ವೇಶಿಕ್‌ಗೆ (ಸಹೋದ್ಯೋಗಿಗಳ ಜೊತೆಗಿನ ಊಟ-ಪಾನದ ಕೂಟ) ಹೋಗುವುದನ್ನು ಬಿಡಬೇಕಿಲ್ಲ. ಸೋಜು ಮದ್ಯ ಕಡಿಮೆ ಮಾಡಿ, ಕೊನೆಗೆ ಮಾಂಸದ ತವೆಯಲ್ಲೇ ಹುರಿದು ಕೊಡುವ ಅನ್ನ ಬಿಡಿ, ಮನೆಗೆ ಒಂದು ಸ್ಟಾಪ್ ಮೊದಲೇ ಇಳಿದು ನಡೆಯಿರಿ. ತೇಉಮ್‌ನವರು ಬೆವರಬೇಕು ಎನ್ನುವ ನಾಟಿ ವೈದ್ಯರ ಮಾತು ಇಲ್ಲಿ ಸರಿಹೊಂದುತ್ತದೆ.

ತೂಕ ಇಳಿಸುವ ಕಷಾಯ ಸುಮ್ನೆ ಕುಡಿಯಬೇಡಿ. ಮಹ್ವಾಂಗ್, ಅಂದರೆ ಎಫೆಡ್ರಾ ಇದೆಯಾ ಎಂದು ಕೇಳಿ. ಅದು ಬಿಪಿ, ಎದೆಬಡಿತ ಎರಡನ್ನೂ ಏರಿಸಬಹುದು. ಈ ವಾರವೇ ಸಾಮಾನ್ಯ ಫಿಸಿಷಿಯನ್ ಹತ್ತಿರ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಮಾಡಿಸಿ, ಮೂರು ತಿಂಗಳ ನಂತರ ಮತ್ತೆ ಮಾಡಿಸಿ ಹೋಲಿಸಿ ನೋಡಿ.